ಕೋಡಿಯ ಸದ್ದು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರನ್ನು ಹೊಸಬರು ಕೇಳುವ ಮೊದಲ ಪ್ರಶ್ನೆ ಮೀನಿನ ವಿಷಯವಾಗಿರುತ್ತದೆ, ಎರಡನೆಯದು ಖರ್ಚಿನ ವಿಷಯ, ಮೂರನೆಯದು ಬಹುಮಟ್ಟಿಗೆ ಎಲ್ಲರದೂ ಒಂದೇ: “ಸದ್ದು ಮಾಡದ ಪಂಪು ಯಾವುದು, ಸ್ವಾಮಿ?” ಪ್ರಶ್ನೆ ಸಣ್ಣದು. ಅಂಗಡಿಯವನು ಒಂದು ಹೆಸರು ಹೇಳಿ, ಒಂದು ಬೆಲೆ ಹೇಳಿ ಮುಗಿಸಿಬಿಡಬಹುದು. ಆದರೆ ಇದಕ್ಕೆ ಉತ್ತರ ಹೇಳುತ್ತ ಹೇಳುತ್ತ ಇದರ ಬೆನ್ನಿಗೆ ಇನ್ನೊಂದು ಪ್ರಶ್ನೆ ನಿಂತಿರುವುದು ನನಗೆ ಕಾಣತೊಡಗಿದೆ. ನಾವು ಪ್ರೀತಿಯಿಂದ ಸಾಕಿದ ಜೀವವನ್ನು ಹಗಲಿರುಳೂ ಬದುಕಿಸುತ್ತಿರುವ ದುಡಿಮೆಯೊಂದಿದೆ. ಆ ದುಡಿಮೆ ನಮಗೆ ಬೇಕು. ಅದರ ಸದ್ದು ಮಾತ್ರ ಬೇಡ. ಹೀಗೆ ಬಯಸುವುದು ಸರಿಯೆ? ಸರಿಯಾದರೆ ಎಲ್ಲಿಯವರೆಗೆ ಸರಿ?

ಉಪ್ಪುನೀರಿನ ತೊಟ್ಟಿಯನ್ನು ಕಾಣದವರಿಗಾಗಿ ಅದರ ಏರ್ಪಾಡನ್ನು ಎರಡು ಮಾತಿನಲ್ಲಿ ಹೇಳಬೇಕು. ಬೆಂಗಳೂರಿನ ಮನೆಗಳಲ್ಲಿ ನೆಲದೊಳಗೊಂದು ಸಂಪು, ಮಾಳಿಗೆಯ ಮೇಲೊಂದು ಟ್ಯಾಂಕು, ನಡುವೆ ಒಂದು ಮೋಟಾರು ಇರುವುದನ್ನು ಎಲ್ಲರೂ ಬಲ್ಲರು. ಇದೂ ಹೆಚ್ಚುಕಡಮೆ ಹಾಗೆಯೇ. ಹಜಾರದಲ್ಲಿ ಬಂದವರ ಕಣ್ಣಿಗೆ ಕಾಣುವ ಗಾಜಿನ ತೊಟ್ಟಿ ಮೇಲೆ. ಅದನ್ನು ಹೊತ್ತ ಮರದ ಬೀರುವಿನೊಳಗೆ, ಕಣ್ಣಿಗೆ ಬೀಳದಂತೆ, ಇನ್ನೊಂದು ಸಣ್ಣ ತೊಟ್ಟಿ. ಅದನ್ನೂ ಸಂಪೆಂದೇ ಕರೆಯುತ್ತಾರೆ. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ, ನೀರನ್ನು ಬೇಕಾದ ಬಿಸಿಯಲ್ಲಿಡುವ ಉಪಕರಣ, ಎಲ್ಲವೂ ಅಲ್ಲಿ. ಮೇಲಿನ ತೊಟ್ಟಿಯ ಒಂದು ಕಡೆ ಬಾಚಣಿಗೆಯ ಹಲ್ಲುಗಳಂತೆ ಸೀಳು ಸೀಳಾದ ಒಂದು ಸಣ್ಣ ಗೋಡೆ. ನೀರು ಅದನ್ನು ಮೀರಿ ಹರಿದು, ಹಿಂದಿನ ಪೆಟ್ಟಿಗೆಯಲ್ಲಿ ಬಿದ್ದು, ಕೊಳವೆಯಲ್ಲಿಳಿದು ಸಂಪಿಗೆ ಬರುತ್ತದೆ. ಸಂಪಿನ ಕೊನೆಯ ಅಂಕಣದಲ್ಲಿ ಕುಳಿತ ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತದೆ. ಆ ಹಲ್ಲಿನ ಗೋಡೆಗೆ ಅಂಗಡಿಯಲ್ಲಿ ಏನೇ ಹೆಸರಿರಲಿ, ನಮ್ಮಲ್ಲಿ ಹಳೆಯ ಹೆಸರೊಂದಿದೆ: ಕೋಡಿ. ಕೆರೆ ಕಟ್ಟಿದ ಹಿರಿಯರು ತೂಬನ್ನು ಎಷ್ಟು ಎಚ್ಚರದಿಂದ ಇಟ್ಟರೋ ಕೋಡಿಯನ್ನೂ ಅಷ್ಟೇ ಎಚ್ಚರದಿಂದ ಇಟ್ಟರು. ಹೆಚ್ಚಾದ ನೀರಿಗೆ ದಾರಿ ಬಿಡದ ಕೆರೆಯ ಏರಿ ಬಹಳ ಕಾಲ ನಿಲ್ಲುವುದಿಲ್ಲ.

ನನ್ನ ತೊಟ್ಟಿ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ; ಸುಮಾರು 350 ಲೀಟರ್ ನೀರು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಊರಿನಲ್ಲಿ ಕಡಲು ಬೇಕೆಂದರೆ ಅದನ್ನು ಕೈಯಾರೆ ಮಾಡಿಕೊಳ್ಳಬೇಕು: ಶುದ್ಧಮಾಡಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಉಪ್ಪು ಬೆರೆಸಿ. ಆದರೆ ಉಪ್ಪು ಬೆರೆತ ಮಾತ್ರಕ್ಕೆ ನೀರು ಕಡಲಾಗುವುದಿಲ್ಲ. ಕಡಲು ನಿಲ್ಲುವುದಿಲ್ಲ. ನಿಂತ ಉಪ್ಪುನೀರಿನ ಮೇಲೆ ಒಂದು ತೆಳುವಾದ ಜಿಡ್ಡಿನ ಪೊರೆ ಕಟ್ಟುತ್ತದೆ. ಗಾಳಿಯ ಆಮ್ಲಜನಕ ಒಳಗಿಳಿಯುವುದು ಕಡಮೆಯಾಗುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಕೋಡಿ ಆ ಪೊರೆಯನ್ನು ಸದಾ ಹೆರೆದು ಕೆಳಗೆ ಕಳಿಸುತ್ತಿರುತ್ತದೆ. ಪಂಪು ತಿಳಿನೀರನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಈ ಏರಿಳಿತವೇ ತೊಟ್ಟಿಯ ಉಸಿರು. ಉಸಿರೆಂದ ಮೇಲೆ ಸದ್ದು ಇದ್ದೇ ಇರುತ್ತದೆ.

ಈ ನೀರೆತ್ತುವ ಕೆಲಸಕ್ಕೊಂದು ಚರಿತ್ರೆಯಿದೆ. ಕಡಲಿನ ಜೀವಿಗಳನ್ನು ಮನೆಯೊಳಗೆ ಬಹುಕಾಲ ಬದುಕಿಸಿದ ಮೊದಲಿಗರಲ್ಲಿ ಲಂಡನ್ನಿನ ಆನಾ ಥಿನ್ ಒಬ್ಬರು, ಪಾದ್ರಿಯೊಬ್ಬರ ಪತ್ನಿ. 1846ರಲ್ಲಿ ಆಕೆ ಟಾರ್ಕಿಯ ಕಡಲತೀರದಿಂದ ಜೀವಂತ ಹವಳಗಳನ್ನು ತಂದು ತಮ್ಮ ಮನೆಯಲ್ಲಿಟ್ಟರು. ನೀರನ್ನು ಬದಲಾಯಿಸಲು ದಿನದಿನವೂ ಕಡಲು ಸಿಗುವುದಿಲ್ಲ. ಇದ್ದ ನೀರಿಗೇ ಗಾಳಿ ಕೂಡಿಸಬೇಕು. ಆಗ ಹೊಳೆದ ಉಪಾಯ ತೀರ ಸರಳವಾದದ್ದು: ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ಹೊತ್ತು ಹೊಯ್ಯುವುದು. ನಮ್ಮ ಮನೆಗಳಲ್ಲಿ ಬಿಸಿ ಹಾಲನ್ನು ಆರಿಸುತ್ತೇವಲ್ಲ, ಹಾಗೆ. ಹೊಯ್ದವರು ಯಾರು? ಮನೆಗೆಲಸದ ಹುಡುಗಿ. ಕೆಲಸ ದಣಿವಿನದೇ ಸರಿ, ಆದರೆ ಹುಡುಗಿಗೆ ಅದೊಂದು ವಿನೋದವಾಗಿತ್ತು ಎಂಬ ಅರ್ಥದ ಮಾತನ್ನು ಆಕೆ 1859ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಹೇಳಿದ್ದಾರೆ. ಹವಳಗಳು ಬದುಕಿದವು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸೆಯ ಪುಸ್ತಕ ಬಂತು. ಗಾಜಿನ ಕಡಲು ಇಂಗ್ಲೆಂಡಿನ ಮಧ್ಯಮವರ್ಗದ ಮನೆಮನೆಯ ಮೋಜಾಯಿತು. ಒಡತಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ನೀರು ಹೊಯ್ದವಳ ಹೆಸರನ್ನು ನಾನೆಲ್ಲಿಯೂ ಕಂಡಿಲ್ಲ. ನಮ್ಮ ಬೀರುವಿನೊಳಗೆ ಇಂದು ತಿರುಗುತ್ತಿರುವ ಪಂಪಿನ ಪೂರ್ವಜಳು ಆ ಹುಡುಗಿ. ಅವಳಿಗೆ ಅದು ನಿಜವಾಗಿಯೂ ವಿನೋದವಾಗಿತ್ತೇ ಎಂದು ಕೇಳೋಣವೆಂದರೆ ಅವಳ ಮಾತು ಎಲ್ಲಿಯೂ ಉಳಿದಿಲ್ಲ. ಒಡತಿಯ ಮಾತು ಮಾತ್ರ ಉಳಿದಿದೆ.

ಇರಲಿ. ಈಗ ಸದ್ದಿನ ವಿಷಯಕ್ಕೆ ಬರೋಣ. ತೊಟ್ಟಿ ಹೊಸದಾಗಿ ಬಂದಾಗ ನಮ್ಮ ನೆರೆಮನೆಯ ಹಿರಿಯರೊಬ್ಬರು ಹಜಾರದಲ್ಲಿ ಕುಳಿತು, ಕಾಫಿ ಕುಡಿಯುತ್ತ, “ಏನಪ್ಪಾ, ಒಳಗೆ ಯಾರೋ ನಲ್ಲಿ ನಿಲ್ಲಿಸದೆ ಬಂದಿದ್ದಾರೆ, ನೋಡು” ಎಂದರು. ಅವರ ತಪ್ಪೇನೂ ಇಲ್ಲ. ಕೊಳವೆಯಲ್ಲಿ ನೀರಿಳಿಯುವ ಗುಳುಗುಳು ಸದ್ದು ಬಚ್ಚಲನ್ನೇ ನೆನಪಿಗೆ ತರುತ್ತದೆ. ಆದರೆ ತೊಟ್ಟಿಯೊಡನೆ ಕೆಲವು ತಿಂಗಳು ಕಳೆದವನ ಕಿವಿಗೆ ಅದು ಒಂದೇ ಸದ್ದಲ್ಲ. ನಾಲ್ಕಾರು ಸದ್ದುಗಳ ಕೂಟ. ಕೋಡಿಯನ್ನು ಮೀರಿದ ನೀರು ಪೆಟ್ಟಿಗೆಯೊಳಗೆ ಬೀಳುವ ಸದ್ದು ಒಂದು: ಬೀಳುವ ಎತ್ತರ ಹೆಚ್ಚಾದಷ್ಟೂ ಅಬ್ಬರ ಹೆಚ್ಚು. ಕೊಳವೆಯಲ್ಲಿ ಗಾಳಿಯೂ ನೀರೂ ದಾರಿಗಾಗಿ ಜಗಳವಾಡುವ ಗುಳುಗುಳು ಇನ್ನೊಂದು. ಪಂಪಿನ ಮೋಟಾರಿನ ಗುಂಯ್ ಎನ್ನುವ ನಾದ ಮೂರನೆಯದು. ಪಂಪು ಗಾಜಿಗೋ ಮರಕ್ಕೋ ತಾಗಿ, ಇಡೀ ಬೀರುವೇ ತಂಬೂರಿಯ ಬುರುಡೆಯಾಗಿ ಮೊರೆಯುವುದು ನಾಲ್ಕನೆಯದು.

ಒಂದೊಂದು ಸದ್ದೂ ಒಂದೊಂದು ಸಂಗತಿಯನ್ನು ಹೇಳುತ್ತದೆ. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಕೋಡಿಯಿರುವ ತೊಟ್ಟಿಯಲ್ಲಿ ಆ ಇಳಿತ ಮೇಲೆ ಕಾಣುವುದಿಲ್ಲ, ಕೆಳಗೆ ಪಂಪಿರುವ ಅಂಕಣದಲ್ಲಿ ಕಾಣುತ್ತದೆ. ಅಲ್ಲಿ ನೀರು ತೀರ ಕಡಮೆಯಾದರೆ ಪಂಪು ಗಾಳಿ ಹೀರಿ ಗೊರಗೊರ ಅನ್ನುತ್ತದೆ. ಅಂದರೆ, “ಸಿಹಿನೀರು ಹಾಕು” ಎಂದರ್ಥ. ಪಂಪಿನ ಚಕ್ರದ ಮೇಲೆ ಸುಣ್ಣ ಕಟ್ಟಿದರೆ ಕಟಕಟ ಸದ್ದು. ಬಿಚ್ಚಿ ವಿನಿಗರಿನಲ್ಲಿ ನೆನೆಹಾಕಿ ತೊಳೆಯಬೇಕು. ಕೋಡಿಯ ಹಲ್ಲುಗಳಲ್ಲಿ ಪಾಚಿ ಸಿಕ್ಕರೆ ನೀರಿನ ಶ್ರುತಿಯೇ ಬದಲಾಗುತ್ತದೆ. ಹಳೆಯ ಮನೆಯೊಡತಿಯರು ಒಲೆಯ ಮೇಲಿನ ಪಾತ್ರೆಯ ಸದ್ದು ಕೇಳಿಯೇ ಅನ್ನ ಬೆಂದದ್ದನ್ನು ಹೇಳುತ್ತಿದ್ದರಲ್ಲ, ಅದೇ ಬಗೆಯ ವಿದ್ಯೆ ಇದು.

ಆದುದರಿಂದ ಸದ್ದನ್ನು ಹೋಗಲಾಡಿಸುವುದಕ್ಕೆ ಎರಡು ಮಾರ್ಗಗಳಿವೆ. ಎರಡೂ ಕಿವಿಗೆ ಒಂದೇ ಫಲವನ್ನು ಕೊಟ್ಟರೂ ಒಂದೇ ಅಲ್ಲ. ಒಂದು, ಸದ್ದಿನ ಕಾರಣವನ್ನು ತೆಗೆಯುವುದು. ಇನ್ನೊಂದು, ಸದ್ದಿನ ಬಾಯಿಯನ್ನು ಮುಚ್ಚುವುದು. ಎರಡನೆಯದು ಸುಲಭ: ಬೀರುವಿನ ಒಳಗೆಲ್ಲ ದಪ್ಪ ಫೋಮ್ ಹೊದಿಸಿ ಬಾಗಿಲನ್ನು ಬಿಗಿಯಾಗಿ ಹಾಕಿಬಿಟ್ಟರೆ ಹಜಾರ ತಣ್ಣಗಾಗುತ್ತದೆ. ಒಳಗೆ ಶಾಖ ಕೂಡುತ್ತದೆ, ತೇವ ಕೂಡುತ್ತದೆ, ಉಪ್ಪಿನ ಗಾಳಿಗೆ ಮೊಳೆ ಕೀಲುಗಳು ತುಕ್ಕು ಹಿಡಿಯುತ್ತವೆ. ಪಂಪು ಗೊರಗುಟ್ಟಿದರೂ ಯಾರಿಗೂ ಕೇಳದು. ಮೌನ ಸಿಕ್ಕಿತು, ಸುದ್ದಿ ನಿಂತಿತು. ನನ್ನ ಪ್ರಶ್ನೆಯ ಗಂಟು ಇಲ್ಲಿದೆ. ಜಗಳವಿಲ್ಲದ್ದರಿಂದ ಬಂದ ಮೌನ ಒಂದಾದರೆ, ಬಾಯಿ ಕಟ್ಟಿದ್ದರಿಂದ ಬಂದ ಮೌನ ಇನ್ನೊಂದು. ಹೊರಗೆ ಸೋಫಾದಲ್ಲಿ ಕುಳಿತವನು ಕಣ್ಣುಮುಚ್ಚಿ ಕೇಳಿದರೆ ಇವೆರಡರ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮೊದಲನೆಯ ಮಾರ್ಗಕ್ಕೆ ತಾಳ್ಮೆ ಬೇಕು. ಪಂಪನ್ನು ಆರಿಸುವಾಗ ಡಬ್ಬದ ಮೇಲಿನ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಗಂಟೆಗೆ ಇಷ್ಟು ಸಾವಿರ ಲೀಟರ್ ಎಂದು ಬರೆದಿರುವುದು ನೀರನ್ನು ಎತ್ತರಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ಸಂಪಿನಿಂದ ತೊಟ್ಟಿಯ ಅಂಚಿಗೆ ಒಂದೂಕಾಲು, ಒಂದೂವರೆ ಮೀಟರ್ ಎತ್ತುವಾಗ, ಕೊಳವೆಯ ತಿರುವುಗಳನ್ನು ಹಾಯುವಾಗ, ಅದರಲ್ಲಿ ಎಷ್ಟೋ ಪಾಲು ಸೋರಿಹೋಗುತ್ತದೆ. ಸಂಪಿನ ಮೂಲಕ ಗಂಟೆಗೆ ತೊಟ್ಟಿಯ ನಾಲ್ಕೈದರಷ್ಟು ನೀರು ಸುತ್ತಿದರೆ ಸಾಕೆಂಬುದು ಅನೇಕರ ಅನುಭವ. ನನ್ನ ತೊಟ್ಟಿಗೆ ಅದು ಸುಮಾರು 1500 ಲೀಟರ್. ಹಳೆಯ ಬಗೆಯ ಪಂಪು ಮನೆಯ ವಿದ್ಯುತ್ತಿನ ಲಯಕ್ಕೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗುತ್ತದೆ. ಅದರ ಗುಂಯ್‌ಕಾರವೂ ಆ ಲಯದ್ದೇ. ಹೊಸ ಬಗೆಯ ಡಿ.ಸಿ. ಪಂಪಿನ ವೇಗವನ್ನು ಏರಿಸಬಹುದು, ಇಳಿಸಬಹುದು. ಬಲ್ಲವರು ಮಾಡುವುದೇನೆಂದರೆ, ಬೇಕಾದದ್ದಕ್ಕಿಂತ ದೊಡ್ಡ ಪಂಪನ್ನು ತಂದು ಅದನ್ನು ಅರ್ಧ ಬಲದಲ್ಲಿ ನಡೆಸುವುದು. ಕಾಲಿಗೆ ಮೆತ್ತನೆಯ ರಬ್ಬರಿನ ಪಾದ. ಪಂಪಿಗೂ ಗಟ್ಟಿ ಕೊಳವೆಗೂ ನಡುವೆ ಒಂದು ಗೇಣು ಸಿಲಿಕೋನಿನ ಮೆದು ನಳಿಗೆ. ಗಾಜಿಗೆ ಎಲ್ಲಿಯೂ ತಾಗದಂತೆ ನಾಲ್ಕು ಬೆರಳು ಜಾಗ. ಇಷ್ಟಾದರೆ ಪಂಪು ತಾನಾಗಿ ಮೃದುವಾಗುತ್ತದೆ. ಶಕ್ತಿಯ ಕೊನೆಯ ಅಂಗುಲದವರೆಗೂ ದುಡಿಸಿದ ಪಂಪು ಮೊರೆಯುತ್ತದೆ. ಉಸಿರಾಡಲು ಬಿಡುವಿಟ್ಟ ಪಂಪು ಮೊರೆಯುವುದಿಲ್ಲ. ಎರಡಾಳಿನ ಕೆಲಸಕ್ಕೆ ಒಬ್ಬನನ್ನು ಇಟ್ಟುಕೊಂಡು, ಅವನು ಗೊಣಗುತ್ತಾನೆಂದು ದೂರುವ ಯಜಮಾನರನ್ನು ನಾವು ಕಂಡಿಲ್ಲವೆ?

ಕೋಡಿಯ ವಿಷಯ ಇದಕ್ಕಿಂತ ಸ್ವಾರಸ್ಯವಾದದ್ದು. “ತುಂಬಿದ ಕೊಡ ತುಳುಕುವುದಿಲ್ಲ” ಎಂದು ನಮ್ಮಲ್ಲಿ ಗಾದೆ. ಕೊಳವೆಗಳ ಮಟ್ಟಿಗೆ ಇದು ಅಕ್ಷರಶಃ ನಿಜ. ಅರ್ಧ ನೀರು ಅರ್ಧ ಗಾಳಿ ತುಂಬಿದ ಕೊಳವೆಯೇ ಗದ್ದಲ ಮಾಡುವುದು. ಡರ್ಸೊ ಎಂಬವರ ಹೆಸರಿನ ಕೊಳವೆಯಲ್ಲಿ ನೆತ್ತಿಗೆ ಒಂದು ಸಣ್ಣ ರಂಧ್ರ ಮಾಡಿ ಗಾಳಿಗೆ ಅದರದೇ ದಾರಿ ಕೊಟ್ಟರು. ಜಗಳ ಅರ್ಧ ಅಡಗಿತು. ಹರ್ಬಿ ಎಂದು ಹೆಸರಾದ ಏರ್ಪಾಡಿನಲ್ಲಿ ಗಾಳಿಯನ್ನೇ ಹೊರಗಿಟ್ಟು, ಕೆಳಗೊಂದು ಗೇಟ್ ವಾಲ್ವ್ ಇಟ್ಟು, ಬರುವ ನೀರಿಗೂ ಹೋಗುವ ನೀರಿಗೂ ಸರಿದೂಗಿಸಿ, ಕೊಳವೆಯನ್ನು ಪೂರ್ತಿ ತುಂಬಿದರು. ತುಂಬಿದ ಕೊಳವೆ ಒಂದಿಷ್ಟೂ ಸದ್ದು ಮಾಡದೆ ಪಂಪಿನ ನೀರನ್ನೆಲ್ಲ ಇಳಿಸಿಬಿಡುತ್ತದೆ. ಗಾದೆ ಗೆದ್ದಿತು.

ಆದರೆ ಗಾದೆ ಹೇಳದೆ ಬಿಟ್ಟ ಒಂದು ಮಾತಿದೆ. ತುಂಬಿದ ಕೊಳವೆಯಲ್ಲಿ ಇನ್ನೊಂದು ಹನಿಗೆ ಎಡೆಯಿಲ್ಲ. ಒಂದು ಬಸವನಹುಳು ತೆವಳಿ ಬಂದು ಅದರ ಬಾಯಲ್ಲಿ ಕುಳಿತರೆ ಸಾಕು, ಮೇಲೆ ಬರುವ ನೀರು ಬರುತ್ತಲೇ ಇರುತ್ತದೆ, ಇಳಿಯುವುದು ಇಳಿಯದು. ಸ್ವಲ್ಪ ಹೊತ್ತಿನಲ್ಲಿ ಹಜಾರದ ನೆಲದ ಮೇಲೆ ಉಪ್ಪುನೀರು. ಆದಕಾರಣ ಹರ್ಬಿಯ ಏರ್ಪಾಡಿನಲ್ಲಿ ಮಗ್ಗುಲಿಗೆ ಎರಡನೆಯ ಕೊಳವೆಯೊಂದಿರುತ್ತದೆ: ಬರಿದು, ಒಣಗಿದ್ದು, ಬಾಯಿ ಸ್ವಲ್ಪ ಎತ್ತರದಲ್ಲಿ. ಆಪತ್ತು ಬಂದ ದಿನಕ್ಕೆ ಮಾತ್ರ ಅದು. ಇದಾದ ಮೇಲೆ ಬಂದದ್ದು ಬೀನ್‌ಅನಿಮಲ್ ಎಂಬ ವಿಚಿತ್ರ ಹೆಸರಿನ, ಮೂರು ಕೊಳವೆಗಳ ಏರ್ಪಾಡು. ಮೊದಲನೆಯದು ತುಂಬಿದ್ದು, ಮೂರನೆಯದು ಬರಿದಾದದ್ದು, ನಡುವಿನದರಲ್ಲಿ ಬರೀ ಒಂದು ಎಳೆ ನೀರು ಗೋಡೆಗಂಟಿಕೊಂಡು ಇಳಿಯುತ್ತಿರುತ್ತದೆ. ದಿನದಿನದ ಸಣ್ಣ ಏರುಪೇರುಗಳನ್ನೆಲ್ಲ ಈ ನಡುವಿನದು ಹೊತ್ತುಕೊಳ್ಳುತ್ತದೆ. ಹಾಗಾಗಿ ವಾಲ್ವನ್ನು ಪದೇಪದೇ ತಿರುಗಿಸಬೇಕಾಗಿಲ್ಲ. ಮೊದಲನೆಯದು ಕಟ್ಟಿಕೊಂಡರೆ ಪೆಟ್ಟಿಗೆಯಲ್ಲಿ ನೀರೇರಿ ನಡುವಿನ ಕೊಳವೆಯ ಗಾಳಿ ನಳಿಗೆಯ ಬಾಯಿ ಮುಚ್ಚುತ್ತದೆ. ಗಾಳಿ ತಪ್ಪಿದೊಡನೆ ಅದೂ ತುಂಬಿ, ಮೊದಲನೆಯದರ ಕೆಲಸವನ್ನು ತಾನೇ ಮಾಡತೊಡಗುತ್ತದೆ. ಅದೂ ಸಾಲದಾದರೆ ಮೂರನೆಯದು.

ಈ ಮೂರನೆಯ ಕೊಳವೆಯ ವಿಷಯದಲ್ಲಿ ಒಂದು ಅಂಶ ನನ್ನ ಮನಸ್ಸನ್ನು ಹಿಡಿದಿದೆ. ಅದರಲ್ಲಿ ನೀರಿಳಿದಾಗ ದೊಡ್ಡ ಸದ್ದಾಗುತ್ತದೆ. ಸದ್ದನ್ನು ಅಡಗಿಸುವ ಯಾವ ಉಪಾಯವನ್ನೂ ಅಲ್ಲಿ ಮಾಡಿಲ್ಲ, ಮಾಡಲೂಬಾರದು. ಸದ್ದಾದರೆ ತಾನೆ ಮನೆಯವರು ಎದ್ದು ಬಂದು ನೋಡುವುದು? ಇಡೀ ಏರ್ಪಾಡು ಮೌನಕ್ಕಾಗಿ ಹುಟ್ಟಿದ್ದು. ಆದರೂ ಅದರೊಳಗೆ ಕೂಗುವುದಕ್ಕೆಂದೇ ಒಂದು ಬಾಯಿಯನ್ನು ತೆರೆದಿಟ್ಟಿದ್ದಾರೆ. ಹಳ್ಳಿಯಲ್ಲಿ ಕೆರೆ ತುಂಬಿ ಕೋಡಿ ಬಿದ್ದ ರಾತ್ರಿ ಆ ಸದ್ದು ಊರಿಗೆಲ್ಲ ಕೇಳುತ್ತದೆ. ಅದು ಸಂತೋಷದ ಸುದ್ದಿ, ಬೆಳಗಾದರೆ ಬಾಗಿನ ಅರ್ಪಿಸುವ ಸುದ್ದಿ; ಜೊತೆಗೆ, ಏರಿಯ ಮೇಲೊಂದು ಕಣ್ಣಿರಲಿ ಎಂಬ ಎಚ್ಚರಿಕೆಯೂ ಹೌದು. ಒಳ್ಳೆಯ ಮೌನ ಎಂದರೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಮೂರನೆಯ ಕೊಳವೆಯನ್ನು ತೋರಿಸುತ್ತೇನೆ. ಕೂಗುವ ಹಕ್ಕನ್ನು ಉಳಿಸಿಕೊಂಡ ಮೌನ ಒಳ್ಳೆಯದು.

ಬೇರೊಂದು ಮೌನವೂ ಇದೆ. ತೊಟ್ಟಿಯವರು ಹೆದರುವ ಮೌನ. ಕರೆಂಟು ಹೋದಾಗ ಬರುವಂಥದು. ಪಂಪು ನಿಲ್ಲುತ್ತದೆ, ಮನೆ ನಿಶ್ಶಬ್ದವಾಗುತ್ತದೆ, ಸದ್ದು ಬೇಡವೆಂದವನಿಗೆ ಆ ಕ್ಷಣದಲ್ಲಿ ಸದ್ದು ಬೇಕಾಗುತ್ತದೆ. ಮೇಲಕ್ಕೆ ಹೋಗುತ್ತಿದ್ದ ನೀರು ಅದೇ ಕೊಳವೆಯಲ್ಲಿ ಹಿಂದಕ್ಕಿಳಿಯತೊಡಗುತ್ತದೆ. ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಎಷ್ಟು ಆಳದಲ್ಲಿದೆಯೋ ಅಷ್ಟೂ ನೀರು ಕೆಳಗೆ. ನನ್ನ ತೊಟ್ಟಿಯ ಲೆಕ್ಕದಲ್ಲಿ ಒಂದೊಂದು ಸೆಂಟಿಮೀಟರಿಗೆ 7.2 ಲೀಟರ್. ಬಾಯಿ ಎರಡೂವರೆ ಸೆಂಟಿಮೀಟರ್ ಆಳದಲ್ಲಿದ್ದರೆ 18 ಲೀಟರ್ ಇಳಿದು, ಗಾಳಿ ಸಿಕ್ಕು, ನಿಲ್ಲುತ್ತದೆ. 20 ಸೆಂಟಿಮೀಟರ್ ಆಳದಲ್ಲಿದ್ದರೆ 144 ಲೀಟರ್. ಇದಕ್ಕೆ ತಡೆಯಾಗಿ ಒಮ್ಮುಖದ ವಾಲ್ವ್ ಹಾಕುವವರುಂಟು; ಒಂದು ಮರಳಿನ ಕಣ, ಒಂದು ಚೂರು ಚಿಪ್ಪು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಸಂಪಿನಲ್ಲಿ ಅಷ್ಟು ನೀರಿಗೆ ಜಾಗವನ್ನು ಖಾಲಿ ಬಿಟ್ಟಿರುವುದೇ ನಂಬಬಹುದಾದ ಉಪಾಯ. ಏರ್ಪಾಡನ್ನು ಅದು ನಡೆಯುವ ದಿನಕ್ಕೆಂದು ಮಾತ್ರವಲ್ಲ, ನಿಲ್ಲುವ ದಿನಕ್ಕೆಂದೂ ಕಟ್ಟಬೇಕು. ನೀರು ಕದಲದೆ ಗಂಟೆಗಳು ಕಳೆದರೆ ಮೀನಿಗೂ ಹವಳಕ್ಕೂ ಉಸಿರು ಕಟ್ಟುತ್ತದೆ. ಅದಕ್ಕಾಗಿ ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದನ್ನು ಇಟ್ಟುಕೊಂಡಿರಬೇಕು. ಅದರ ಟರ್ರೆನ್ನುವ ಸದ್ದನ್ನು ಆ ಹೊತ್ತಿನಲ್ಲಿ ಯಾರೂ ಗದ್ದಲವೆನ್ನುವುದಿಲ್ಲ.

ಇಷ್ಟರಲ್ಲಿ ನಾವು ಒಂದು ಮುಖ್ಯ ಪಕ್ಷವನ್ನೇ ವಿಚಾರಿಸದೆ ಬಿಟ್ಟಿದ್ದೇವೆ. ಸದ್ದಿಲ್ಲದ ಪಂಪು ಎಂದರೆ ಯಾರ ಕಿವಿಗೆ ಸದ್ದಿಲ್ಲದ್ದು? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಸಾಗುತ್ತದೆ. ಆದರೆ ನೀರಿನಿಂದ ಗಾಳಿಗೆ, ಗಾಳಿಯಿಂದ ನೀರಿಗೆ ಅದು ದಾಟುವುದು ಬಹಳ ಕಷ್ಟ. ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ದಾಟಿದರೆ ಹೆಚ್ಚು. ನೀರೊಳಗೆ ಹುಟ್ಟಿದ ಸದ್ದು ಬಹುಮಟ್ಟಿಗೆ ನೀರೊಳಗೇ ಉಳಿಯುತ್ತದೆ. ನಾವು ಸೋಫಾದ ಮೇಲೆ ಕುಳಿತು “ಎಷ್ಟು ತಣ್ಣಗಿದೆ!” ಎನ್ನುವಾಗ ಮೀನಿಗೆ ಹೇಗಿದೆಯೋ ನಮ್ಮ ಕಿವಿ ಹೇಳಲಾರದು. ಮೀನಿಗೆ ಹೊರಕಿವಿಯಿಲ್ಲ, ತಲೆಯೊಳಗಿನ ಪುಟ್ಟ ಕಿವಿಗಲ್ಲುಗಳಿಂದ ಅದು ಕೇಳುತ್ತದೆ, ಮೈಯ ಮಗ್ಗುಲಿನ ಒಂದು ರೇಖೆಯಿಂದ ನೀರಿನ ಕದಲಿಕೆಯನ್ನು ಅರಿಯುತ್ತದೆ. ಕೂಸ್ತೊ ಅವರ ಪ್ರಸಿದ್ಧ ಚಲನಚಿತ್ರಕ್ಕೆ 1956ರಲ್ಲಿ ‘ಮೌನ ಜಗತ್ತು’ ಎಂದು ಹೆಸರಿಟ್ಟರು. ಕಡಲು ಮೌನವಲ್ಲವೆಂಬುದು ಈಗ ಚೆನ್ನಾಗಿ ತಿಳಿದಿದೆ. ಹವಳದ ದಿಬ್ಬ ಚಿಟಿಕೆ ಹಾಕುವ ಸೀಗಡಿಗಳಿಂದ ಹಗಲಿರುಳು ಚಟಪಟಗುಟ್ಟುತ್ತದೆ. ಮರಿಮೀನುಗಳು ಆ ಸದ್ದನ್ನು ಹಿಡಿದೇ ದಿಬ್ಬಕ್ಕೆ ಬಂದು ಸೇರುತ್ತವೆಂದು, ನೀರೊಳಗೆ ಧ್ವನಿವರ್ಧಕಗಳನ್ನಿಟ್ಟು ಆಸ್ಟ್ರೇಲಿಯದ ಬಳಿ ನಡೆಸಿದ ಪ್ರಯೋಗವೊಂದು 2005ರಲ್ಲಿ ತೋರಿಸಿತು. ನಮ್ಮ ಮಕ್ಕಳ ಮೆಚ್ಚಿನ ಕ್ಲೌನ್ ಮೀನು ದವಡೆಯ ಹಲ್ಲುಗಳನ್ನು ಬಡಿದು ಸದ್ದು ಮಾಡುತ್ತದೆಂದು 2007ರಲ್ಲಿ ವಿಜ್ಞಾನಿಗಳು ವಿವರಿಸಿದರು. ತನ್ನ ನೆಲೆಯ ಬಳಿ ಬಂದವನಿಗೆ ಅದು ಹೀಗೆ ಎಚ್ಚರಿಕೆ ಕೊಡುತ್ತದೆ. ನಮ್ಮ ಹಜಾರದಲ್ಲಿ ಅದು ದಿನವೂ ಮಾತಾಡುತ್ತಿದೆ; ನಮಗೆ ಕೇಳುತ್ತಿಲ್ಲ, ಅಷ್ಟೆ.

ಹಾಗಾದರೆ ಮೆದು ನಳಿಗೆ, ರಬ್ಬರಿನ ಪಾದ, ಅರ್ಧ ಬಲದ ಪಂಪು, ಇವುಗಳಿಗೆ ಇನ್ನೊಂದು ಸಮರ್ಥನೆ ಸಿಕ್ಕಿತು. ಇವು ಅದುರನ್ನು ಹುಟ್ಟಿದಲ್ಲೇ ಕಡಮೆಮಾಡುತ್ತವೆ. ಗಾಜಿನ ಮೂಲಕ, ಕೊಳವೆಯ ಮೂಲಕ ನೀರಿಗೆ ಹೋಗುವುದನ್ನೂ ಕಡಮೆಮಾಡುತ್ತವೆ. ಫೋಮ್ ಹೊದಿಸಿದ ಬೀರು ನಮ್ಮನ್ನು ಮಾತ್ರ ಕಾಪಾಡುತ್ತದೆ. ಕಾರಣವನ್ನು ತೆಗೆದ ಮೌನದಲ್ಲಿ ಒಳಗಿನವರಿಗೂ ಪಾಲಿದೆ; ಬಾಯಿ ಮುಚ್ಚಿಸಿದ ಮೌನ ಹೊರಗಿನವರ ಸೊತ್ತು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಕಡಲ ಜೀವಿಯನ್ನು ಕಡಲಿನಲ್ಲಿ ಬಿಡದೆ ಹಜಾರಕ್ಕೆ ತಂದು, ಆಮೇಲೆ ಅದರ ಕಿವಿಯ ಚಿಂತೆ ಮಾಡುವುದು ಯಾವ ನ್ಯಾಯ ಎಂಬುದು ಒಂದು. ಈ ಆಕ್ಷೇಪಣೆಯಲ್ಲಿ ತಿರುಳಿದೆ. ಕಲ್ಲುಹವಳಗಳನ್ನು ನಮ್ಮ ಕಡಲಿನಿಂದ ಕಿತ್ತು ತರುವುದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿಷೇಧವಿದೆ; ಇರಬೇಕಾದದ್ದೇ. ಕ್ಲೌನ್ ಮೀನನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿಮಾಡಿಸಿ ಬೆಳೆಸಿದ್ದಾರೆ. ಅಂಥ ಮರಿಗಳನ್ನೇ ತರುವುದು ಸಾಕುವವನ ಮೊದಲ ಕರ್ತವ್ಯ. ಆದರೂ ತಂದ ಮೇಲೆ ಹೊಣೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಕಡಲಿನಲ್ಲಿ ಅದರ ಉಸಿರು ಯಾರ ಹಂಗಿನಲ್ಲೂ ಇರಲಿಲ್ಲ; ನನ್ನ ಮನೆಯಲ್ಲಿ ಅದು ನಾನು ಆರಿಸಿದ ಪಂಪಿನ ಹಂಗಿನಲ್ಲಿದೆ.

ಎರಡನೆಯ ಆಕ್ಷೇಪಣೆ ಇನ್ನೂ ನೇರವಾದದ್ದು. ಪಂಪು ಯಂತ್ರ; ಅದಕ್ಕೆ ನೋವಿಲ್ಲ, ಮಾನವಿಲ್ಲ. ಅದರ ಸದ್ದನ್ನು ಅಡಗಿಸಿದರೆ ಯಾರಿಗೂ ಅನ್ಯಾಯವಿಲ್ಲ. ಲಂಡನ್ನಿನ ಹುಡುಗಿಯನ್ನೂ ಅಂಗಡಿಯ ಪಂಪನ್ನೂ ಒಂದೇ ತಕ್ಕಡಿಯಲ್ಲಿಡುವುದು ಬರೀ ಭಾವುಕತೆಯಲ್ಲವೆ? ಒಪ್ಪಿದೆ. ಪಂಪಿಗೆ ನಾವು ಏನನ್ನೂ ಸಲ್ಲಿಸಬೇಕಾಗಿಲ್ಲ. ಹುಡುಗಿಯ ತೋಳಿನ ಕೆಲಸವನ್ನು ಯಂತ್ರಕ್ಕೆ ಕೊಟ್ಟದ್ದು ಮನುಷ್ಯನ ಒಳ್ಳೆಯ ಕೆಲಸಗಳಲ್ಲಿ ಒಂದು. ನನ್ನ ಚಿಂತೆ ಪಂಪಿನದಲ್ಲ, ಕಿವಿಯದು. ಯಾವ ಕಿವಿ ಪಂಪಿನ ಮುಂದೆ “ಕೆಲಸ ನಡೆಯಲಿ, ಸುದ್ದಿ ಬರದಿರಲಿ” ಎಂದು ಪಳಗುತ್ತದೆಯೋ ಅದೇ ಕಿವಿ ಮನೆಯ ಉಳಿದ ಕೋಣೆಗಳಲ್ಲೂ ಓಡಾಡುತ್ತದೆ. ಬೆಳಗಿನ ಜಾವ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದಾದರೆ ನಿದ್ರೆ ಕೆಟ್ಟಿತೆಂದು ಗೊಣಗುವವರು, ಸದ್ದಿಲ್ಲದೆ ಕಾಫಿ ಮಾಡುವ ಹೆಂಡತಿಯನ್ನು ಗುಣವಂತೆ ಎನ್ನುತ್ತಾರೆ. ಮುಸುರೆ ತಿಕ್ಕುವಾಕೆ ಬಂದು ಹೋದದ್ದೇ ತಿಳಿಯುವುದಿಲ್ಲ ಎಂಬುದನ್ನು ನಾವು ಅವಳ ಪ್ರಶಂಸೆಯಾಗಿ ಹೇಳುತ್ತೇವೆ. ಅವಳ ಮೊಣಕೈ ನೋವು ನಮಗೆ ತಿಳಿಯುವುದು ಅವಳು ಬರದೆ ನಿಂತ ದಿನ. ಅಂದರೆ, ನೀರು ನೆಲಕ್ಕೆ ಬಂದ ಮೇಲೆ.

ನಮ್ಮ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಬಲ್ಲವರು ಬಲ್ಲರು. ಕಟ್ಟಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂದು ಮನೆಯವರು ನಿಶ್ಚಯಿಸಿದರು, ಅವಳು ಹೋದಳು, ಕೆರೆ ತುಂಬಿತು. ಅವಳ ತ್ಯಾಗವನ್ನು ಹೊಗಳುತ್ತ ಬಂದ ನಾವು, ಅವಳು ಒಂದು ಸಲ “ಒಲ್ಲೆ” ಎಂದಿದ್ದರೆ ಆ ಮನೆಯಲ್ಲಿ ಕೇಳುವ ಕಿವಿ ಇತ್ತೇ ಎಂದು ಯೋಚಿಸಿದ್ದು ಕಡಮೆ. ತೂಬು, ಕೋಡಿ, ಏರಿ ಎಲ್ಲವೂ ಇದ್ದ ಕೆರೆ ಅದು. ಮನೆಗೆ ಮಾತ್ರ ಕೋಡಿ ಇರಲಿಲ್ಲ.

ನಾನು ಗದ್ದಲದ ಪರವಾಗಿ ವಾದಿಸುತ್ತಿಲ್ಲ. ದಿನದ ದುಡಿಮೆ ಮುಗಿಸಿ ಬಂದವನಿಗೆ ಶಾಂತವಾದ ಮನೆ ಬೇಕು. ಅದು ಅವನ ಹಕ್ಕು. ಆ ಮನೆಯನ್ನು ಶಾಂತವಾಗಿಟ್ಟವರಿಗೂ ಅದು ಬೇಕು. ಆದ್ದರಿಂದ ಸದ್ದಿಲ್ಲದ ಪಂಪು ಯಾವುದೆಂದು ಕೇಳುವವರಿಗೆ ನಾನೀಗ ಹೆಸರು ಹೇಳುವುದಿಲ್ಲ. ದೊಡ್ಡದನ್ನು ತನ್ನಿ, ಅರ್ಧ ದುಡಿಸಿ, ತಾಗದಂತೆ ಇಡಿ, ಮೂರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ ಎನ್ನುತ್ತೇನೆ. ಕೋಡಿಗೆ ಒಂದರ ಬದಲು ಮೂರು ಕೊಳವೆ ಇಡಿ. ಮೂರನೆಯದು ಬರಿದಾಗಿಯೇ ಇರಲಿ, ಅದು ದಂಡವೆಂದು ತಿಳಿಯಬೇಡಿ. ಕರೆಂಟು ಹೋದಾಗ ಇಳಿಯುವ ನೀರಿಗೆ ಸಂಪಿನಲ್ಲಿ ಜಾಗ ಬಿಡಿ. ಇಷ್ಟೆಲ್ಲ ಮಾಡಿದ ಮೇಲೆ ಹಜಾರ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವನ್ನು ಸುಖವಾಗಿ ಅನುಭವಿಸಿ. ದಿನಕ್ಕೊಮ್ಮೆ ಮಾತ್ರ ಬೀರುವಿನ ಬಾಗಿಲನ್ನು ತೆರೆದು, ಬಗ್ಗಿ, ಒಂದು ನಿಮಿಷ ಕಿವಿಗೊಟ್ಟು ಕೇಳಿ. ಪಂಪು ಚೆನ್ನಾಗಿದ್ದರೆ ಕೇಳುವುದು ಬಹಳ ಇರುವುದಿಲ್ಲ. ಕೇಳುವ ಅಭ್ಯಾಸ ಉಳಿದರೆ ಸಾಕು. ಮನೆಯಲ್ಲಿ ಅದಕ್ಕೆ ಬೇರೆ ಕೆಲಸಗಳೂ ಇವೆ.